ಹಾರದ ದೂರಕ್ಕೂ ಲೆಕ್ಕ

ಟಿಮಾರು ಬಂದರಿನ ಎದುರು, ಮೀನಂಗಡಿಯ ಪಕ್ಕ
ನನ್ನ ಕಿಟಕಿಯಲ್ಲಿ ಬಿಸಿಲಿಗೆ ಬಿಳಿಚಿದ ಒಂದು ಭೂಗೋಳ.
ಜುಲೈ. ಹೊರಗೆ ತೆಂಕಣ ಗಾಳಿ, ಕತ್ತರಿಯ ಹಾಗೆ.
ನೈರಿ ಪೊಟಾಕಾ ಒಳಬಂದು, ಟೋಪಿ ತೆಗೆಯದೆ ಕೂತು ಕೇಳಿದಳು:
"ಲೋಕ ಸುತ್ತಲಿಕ್ಕೆ ಎಷ್ಟಾಗುತ್ತದೆ, ಫರ್ಗಸ್?"
ಹಾಲಿನ ಬೆಲೆ ಕೇಳಿದ ಹಾಗೆ.

ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಬೆಳಿಗ್ಗೆ ಮೂವತ್ತೊಂದು ಕಿಲೋಮೀಟರು, ಸಂಜೆ ಮೂವತ್ತೊಂದು;
ಕುರಿಬೇಲಿ, ಸೇತುವೆ, ಹಾಲಿನ ಡೈರಿ, ಮತ್ತೆ ಕುರಿಬೇಲಿ.
ಹಿಂದಿನ ಸೀಟಲ್ಲಿ ಗಾಜಿಗೆ ಉಸಿರೂದಿ
ಹಡಗು ಬರೆಯುತ್ತಿದ್ದವನು ನಾನೇ.
ಈಗ ಗುಣಿಸಿ ನೋಡಿದೆ: ನಾಲ್ಕು ಲಕ್ಷ ಕಿಲೋಮೀಟರು.
"ನೀವು ಆಗಲೇ ಹತ್ತು ಸಲ ಸುತ್ತಿದ್ದೀರಿ" ಅಂದೆ.
"ಅದಕ್ಕೆ ಸಂಬಳ ಕೊಟ್ಟಿದ್ದರಪ್ಪ" ಅಂದಳು.

ನಿಯಮ ಓದಿದೆ.
ಮೂಡಲಾದರೆ ಮೂಡಲಿಗೆ, ಪಡುವಲಾದರೆ ಪಡುವಲಿಗೆ,
ಹಿಂದೆ ತಿರುಗುವ ಹಾಗಿಲ್ಲ.
ಒಂದೊಂದು ಸಾಗರಕ್ಕೂ ಒಂದೇ ದಾಟು.
ವರ್ಷ ತುಂಬುವುದರೊಳಗೆ ಹೊರಟ ನೆಲವನ್ನೇ ಮುಟ್ಟಬೇಕು.
ದಿನ ಬದಲಿಸಿದರೆ ದಂಡವಿಲ್ಲ, ದಾರಿ ಬದಲಿಸಿದರೆ ಉಂಟು.
"ಮದುವೆಯಲ್ಲೂ ಪಾದ್ರಿ ಇಷ್ಟೊಂದು ಓದಲಿಲ್ಲ" ಅಂದಳು.

ಆಮೇಲೆ ಬೆಲೆ.
ಮಾರಿದ ದೋಣಿಯ ಎಂಟು ಸಾವಿರ ಆಕೆಯ ಕೈಚೀಲದಲ್ಲಿತ್ತು,
ರಬ್ಬರು ಹಾಕಿ ಸುತ್ತಿದ್ದು; ನೋಟಿಗೂ ಮೀನಿನ ವಾಸನೆ.
ಟಿಕೆಟ್ಟಿಗೆ ಆರೂವರೆ. ಅದರ ಮೇಲೆ ಎಣ್ಣೆಯ ಬಾಬ್ತು,
ಇಳಿದಲ್ಲೊಂದು ತೆರಿಗೆ, ಏರಿದಲ್ಲೊಂದು ತೆರಿಗೆ,
ಲಂಡನ್ನಿನಲ್ಲಿ ಬರೀ ಬೆಂಚಿನ ಮೇಲೆ ಕೂತು ಎದ್ದದ್ದಕ್ಕೊಂದು.
ಮೂಗಿಗಿಂತ ಮೂಗುತಿ ಭಾರವಾಗುತ್ತಾ ಬಂತು.
"ಇದೇ ಸುತ್ತು ಕೊಲಂಬೊದಿಂದ ಹೊರಟರೆ ಮೂರು ಸಾವಿರ ಕಡಿಮೆ."
"ಅಲ್ಲಿ ಹುಟ್ಟಿರಬೇಕೇ?"
"ಹೊರಟರೆ ಸಾಕು."
"ಅಲ್ಲಿಗೆ ಹೋಗಲಿಕ್ಕೆ?"
"ಅದು ಬೇರೆ ಟಿಕೆಟ್ಟು."

ಹಾಗಾಗಿ ಊರು ಕಳೆಯತೊಡಗಿದೆವು.
ಲಂಡನ್ ಬೇಡ. ಇಸ್ತಾಂಬುಲ್ ಬೇಡ; ಬೆಲೆ ಮುನ್ನೂರು ಇಳಿಯಿತು.
ಟ್ರೊಮ್ಸೊ? ಮೈಲಿ ಜಾಸ್ತಿ ನುಂಗುವ ಊರು ಅದೇ.
ಬಸ್ಸಿನ ಕನ್ನಡಿಯ ಪಕ್ಕ ಹತ್ತೊಂಬತ್ತು ವರ್ಷ ಅಂಟಿಕೊಂಡಿದ್ದ
ಒಂದೇ ಪೋಸ್ಟ್‌ಕಾರ್ಡು ಅಲ್ಲಿಯದು, ಬೋಯ್ಡ್ ಹುಡುಗಿ ಕಳಿಸಿದ್ದು.
ಆಕೆ ಕೈಗವಸಿನ ಬೆರಳು ಒಂದೊಂದೇ ಎಳೆದಳು.
"ತೆಗೆ."

"ಲಿಸ್ಬನ್ನಿಂದ ಹ್ಯಾಂಬರ್ಗಿಗೆ ರೈಲಲ್ಲಿ ಹೋಗುತ್ತೇನೆ.
ಅಷ್ಟಾದರೂ ಉಳಿಯಿತಲ್ಲ?"
ಇಲ್ಲ, ಅಂದೆ. ಒಂದೂರಲ್ಲಿ ಇಳಿದು ಇನ್ನೊಂದೂರಲ್ಲಿ ಹತ್ತಿದರೆ
ನಡುವಿನ ನೆಲವೂ ಮೈಲಿಗೆ ಸೇರುತ್ತದೆ.
ಹಾರದ ದೂರಕ್ಕೂ ಲೆಕ್ಕ.

ಆಕೆ ನನ್ನನ್ನು ನೋಡಿದಳು, ಹಿಂದಿನ ಸೀಟು ನೋಡುವ ಕನ್ನಡಿಯಲ್ಲಿ
ನೋಡುತ್ತಿದ್ದಳಲ್ಲ, ಹಾಗೆ.
"ನೀನೆಲ್ಲಿಗೆ ಹೋಗಿದ್ದೀಯ, ಫರ್ಗಸ್?"
"ಸಿಡ್ನಿಗೆ. ತರಬೇತಿಗೆ. ಎರಡು ರಾತ್ರಿ."
ಪ್ರಿಂಟರು ಎಲ್ಲಿಂದಲೋ ಒಂದು ಕಾಗದ ಎಳೆದುಕೊಂಡು ಸುಮ್ಮನಾಯಿತು.

"ಪಡುವಲಿಗೆ ಹೋದರೆ ಸುತ್ತು ಮುಗಿಯುವಾಗ
ಒಂದು ದಿನ ಕಳೆಯುತ್ತದಂತೆ. ಅದಕ್ಕೇನಾದರೂ ಕಡಿತ?"
"ಕಡಿತವಿಲ್ಲ. ಮೂಡಲಿಗೆ ಹೋದರೆ ಒಂದು ದಿನ ಹೆಚ್ಚು ಸಿಗುತ್ತದೆ.
ಮಂಗಳವಾರ ಹೊರಟರೆ ಮಂಗಳವಾರ ಎರಡು ಸಲ."
"ಅದಕ್ಕೆಷ್ಟು?"
"ಪುಕ್ಕಟೆ."
ನಕ್ಕಳು. ಅಂಗಡಿಗೆ ಬಂದಾಗಿನಿಂದ ಮೊದಲ ಸಲ.
"ಮಂಗಳವಾರ ರಾತ್ರಿ ನಾನು ಕಸದ ಡಬ್ಬಿ ಹೊರಗಿಡಬೇಕು.
ಎರಡು ಮಂಗಳವಾರಕ್ಕೆ ಒಂದೇ ಡಬ್ಬಿ!"
ರಬ್ಬರು ಬಿಚ್ಚಿ, ಉಗುಳು ಹಚ್ಚದೆ, ಎಣಿಸಿದಳು.

ಅಕ್ಟೋಬರಿನ ಮಂಗಳವಾರ ಆಕೆಯ ಓಣಿಗೆ ಹೋಗಿ
ಹಳದಿ ಮುಚ್ಚಳದ ಡಬ್ಬಿಯನ್ನು ರಸ್ತೆಯಂಚಿಗೆ ಉರುಳಿಸಿ ಬಂದೆ.
ಬೆಳಿಗ್ಗೆ ಚಹಾ ಕುದಿಯುವಾಗ ಮೊಬೈಲು ಮಿನುಗಿತು:
"ಸಾಂಟಿಯಾಗೊ. ಬಿಸಿಲು. ಇಲ್ಲಿನ್ನೂ ಮಂಗಳವಾರ."

ಇಲ್ಲಿ ಬುಧವಾರ.
ಕಸದ ಗಾಡಿ ಬಂದು ಹೋಯಿತು.